ಹಳೆಯ ವ್ಯಾನಿನ ಇಂಜಿನು: ಅದರ ರೋಗಲಕ್ಷಣಗಳೂ ದುರಸ್ತಿಯ ಕ್ರಮವೂ

ಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಿತಂದೆಗಳು ಪುಸ್ತಕ, ಉಡುಪು, ಬುತ್ತಿ ಇವುಗಳ ವಿಷಯದಲ್ಲಿ ಎಷ್ಟು ಎಚ್ಚರವನ್ನು ವಹಿಸುವರೋ, ಆ ಮಕ್ಕಳನ್ನು ಹೊತ್ತು ತರುವ ವಾಹನದ ವಿಷಯದಲ್ಲಿ ಅಷ್ಟು ಎಚ್ಚರವನ್ನು ವಹಿಸುವುದು ಅಪರೂಪ. ಬೆಳಗಿನ ಹೊತ್ತು ದಾವಣಗೆರೆಯ ಪಿ.ಬಿ. ರಸ್ತೆಯ ಬದಿಯಲ್ಲಿ ನಿಂತು ನೋಡಿದರೆ, ಹೆಣ್ಣುಮಕ್ಕಳ ಜಡೆಗಳೂ ಪುಸ್ತಕದ ಚೀಲಗಳೂ ಕಿಟಕಿಯಲ್ಲಿ ಕಾಣುವಂತೆ ಸಾಗುವ ಹಳೆಯ ವ್ಯಾನುಗಳು ಅನೇಕ. ಹರಿಹರದ ಕಡೆಯಿಂದ ಬಾತಿಯನ್ನು ದಾಟಿ ಬರುವವೂ ಉಂಟು. ಈ ವ್ಯಾನುಗಳಲ್ಲಿ ಕೆಲವು ನಮ್ಮ ಪೂರ್ವ ವಿದ್ಯಾರ್ಥಿನಿಯರ ಮನೆಯವೇ ಆಗಿವೆ; ಪತಿಯಾಗಲಿ ಸಹೋದರನಾಗಲಿ ಅದನ್ನು ಓಡಿಸಿ ಸಂಸಾರವನ್ನು ಸಾಗಿಸುತ್ತಿದ್ದಾನೆ. ಆದಕಾರಣ ಇಂಥ ವಾಹನದ ಇಂಜಿನು ಕೆಡುವುದಕ್ಕೆ ಮುಂಚೆ ಯಾವ ಯಾವ ಗುರುತುಗಳನ್ನು ತೋರಿಸುವುದು, ಕೆಟ್ಟ ಮೇಲೆ ಅದನ್ನು ಸರಿಪಡಿಸಿಕೊಳ್ಳುವ ಕ್ರಮವೇನು ಎಂಬುದನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ವಿವರಿಸಬೇಕೆಂದಿದ್ದೇವೆ.

ನಮ್ಮ ಊರುಗಳಲ್ಲಿ ಮಕ್ಕಳನ್ನು ಸಾಗಿಸುವ ಚಿಕ್ಕ ವ್ಯಾನುಗಳೊಳಗೆ ಎಲ್ಲರಿಗೂ ಪರಿಚಿತವಾದದ್ದು ಮಾರುತಿ ಓಮ್ನಿ. ಇದು 1984ರಲ್ಲಿ ‘ಮಾರುತಿ ವ್ಯಾನ್’ ಎಂಬ ಹೆಸರಿನಿಂದ ಹೊರಬಂದು, ಬಳಿಕ ಓಮ್ನಿ ಎನಿಸಿಕೊಂಡಿತು. ಇದರ ತಯಾರಿಕೆ 2019ರಲ್ಲಿ ನಿಂತುಹೋಯಿತು. ಹೀಗಿರುವುದರಿಂದ ಇಂದು ರಸ್ತೆಯ ಮೇಲೆ ಓಡುವ ಪ್ರತಿಯೊಂದು ಓಮ್ನಿಯೂ ಹಳೆಯ ವ್ಯಾನೆಂದೇ ಹೇಳಬೇಕು. ಇದರ ಇಂಜಿನು 796 ಘನ ಸೆಂಟಿಮೀಟರಿನದು, ಮೂರು ಸಿಲಿಂಡರುಗಳುಳ್ಳದ್ದು. ಅದು ಮುಂದಿನ ಆಸನಗಳ ಕೆಳಗೆ ಅಡಗಿದೆ. ಆಸನವನ್ನು ಎತ್ತಿದ ಹೊರತು ಕಣ್ಣಿಗೆ ಬೀಳದು. ಮೊದಮೊದಲಿನ ವ್ಯಾನುಗಳಿಗೆ ಕಾರ್ಬುರೇಟರು ಇತ್ತು. ಈಚಿನವುಗಳಲ್ಲಿ ಪೆಟ್ರೋಲನ್ನು ಸೂಜಿಯಂತಹ ರಂಧ್ರದಿಂದ ಚಿಮುಕಿಸುವ ಇಂಜೆಕ್ಷನ್ ಏರ್ಪಾಡು ಬಂದಿತು. ಈ ಎರಡರಲ್ಲಿ ತಮ್ಮ ವ್ಯಾನಿಗೆ ಯಾವುದಿದೆ ಎಂಬುದನ್ನು ಯಜಮಾನರು ಮೊದಲು ತಿಳಿದಿರತಕ್ಕದ್ದು.

ರೋಗವನ್ನು ಅರಿಯಬೇಕಾದರೆ ಆರೋಗ್ಯವನ್ನು ಮೊದಲು ಅರಿಯಬೇಕು. ಪೆಟ್ರೋಲಿನ ಇಂಜಿನಿಗೆ ನಾಲ್ಕು ವಸ್ತುಗಳು ಬೇಕು: ತಕ್ಕಷ್ಟು ಪೆಟ್ರೋಲು, ತಕ್ಕಷ್ಟು ಗಾಳಿ, ಸರಿಯಾದ ಗಳಿಗೆಯಲ್ಲಿ ಹಾರುವ ಕಿಡಿ, ಮತ್ತು ಒತ್ತಡ. ಸಿಲಿಂಡರಿನೊಳಗೆ ಪಿಸ್ಟನ್ನು ಕೆಳಗಿಳಿಯುವಾಗ ಪೆಟ್ರೋಲು ಬೆರೆತ ಗಾಳಿಯನ್ನು ಎಳೆದುಕೊಳ್ಳುವುದು. ಮೇಲೇರುವಾಗ ಅದನ್ನು ಒತ್ತುವುದು. ಪ್ಲಗ್ಗಿನ ಕಿಡಿ ತಾಕಿದೊಡನೆ ಆ ಮಿಶ್ರಣವು ಉರಿದು ಪಿಸ್ಟನ್ನನ್ನು ಕೆಳಕ್ಕೆ ತಳ್ಳುವುದು. ಮತ್ತೆ ಮೇಲೇರುವಾಗ ಸುಟ್ಟ ಹೊಗೆಯು ಹೊರಗೆ ಹೋಗುವುದು. ಉಸಿರೆಳೆಯುವುದು, ಬಿಗಿಹಿಡಿಯುವುದು, ದುಡಿಯುವುದು, ಉಸಿರು ಬಿಡುವುದು — ಇಷ್ಟೇ ಅದರ ಜೀವನಕ್ರಮ. ಇವುಗಳಲ್ಲದೆ, ಲೋಹಕ್ಕೆ ಲೋಹ ತೇಯದಂತೆ ಎಣ್ಣೆಯೂ, ಹುಟ್ಟಿದ ಶಾಖವನ್ನು ಸಾಗಿಸುವುದಕ್ಕೆ ನೀರೂ ಬೇಕು. ಈ ಆರರಲ್ಲಿ ಯಾವುದೊಂದು ಕೊರತೆಯಾದರೂ ಇಂಜಿನು ಅದನ್ನು ಹೊಗೆಯಿಂದಲೋ, ಸದ್ದಿನಿಂದಲೋ, ವಾಸನೆಯಿಂದಲೋ, ಬಿಸಿಯಿಂದಲೋ ತಿಳಿಸಿಯೇ ತಿಳಿಸುವುದು. ತಿಳಿದುಕೊಳ್ಳುವ ಕಣ್ಣುಕಿವಿಗಳು ನಮಗಿರಬೇಕು.

ಮೊದಲನೆಯದಾಗಿ ಹೊಗೆಯನ್ನು ನೋಡೋಣ. ಚಳಿಗಾಲದ ಬೆಳಗ್ಗೆ ಇಂಜಿನು ಹೊರಟೊಡನೆ ಸೈಲೆನ್ಸರಿನಿಂದ ತುಸು ಬಿಳಿಯ ಆವಿ ಬಂದು ಎರಡು ನಿಮಿಷಗಳಲ್ಲಿ ಕಾಣೆಯಾದರೆ ಅದು ದೋಷವಲ್ಲ. ಆದರೆ ಇಂಜಿನು ಚೆನ್ನಾಗಿ ಬಿಸಿಯೇರಿದ ಮೇಲೆಯೂ ಬಿಳಿಯ ಹೊಗೆ ದಟ್ಟವಾಗಿ ಬರುತ್ತಲಿದ್ದು, ರೇಡಿಯೇಟರಿನ ನೀರು ದಿನದಿನಕ್ಕೆ ತಗ್ಗುತ್ತಲಿದ್ದರೆ, ಆ ನೀರು ಸಿಲಿಂಡರಿನೊಳಕ್ಕೆ ಸೋರುತ್ತಿದೆಯೆಂದು ಶಂಕಿಸಬೇಕು. ಬಹುಮಟ್ಟಿಗೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುವುದು. ನೀಲಿಯ ಛಾಯೆಯುಳ್ಳ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆಯೆಂದು ಅರ್ಥ. ಪಿಸ್ಟನ್ನಿನ ರಿಂಗುಗಳು ಸವೆದಿರಬಹುದು, ಇಲ್ಲವೆ ವಾಲ್ವಿನ ಸೀಲುಗಳು ಗಟ್ಟಿಯಾಗಿ ಬಿರಿದಿರಬಹುದು. ರಾತ್ರಿಯೆಲ್ಲಾ ನಿಂತು ಬೆಳಗ್ಗೆ ಹೊರಟಾಗ ಮಾತ್ರ ಒಂದು ಗುಕ್ಕು ನೀಲಿ ಹೊಗೆ ಬಂದು ನಿಲ್ಲುವುದಾದರೆ ಸೀಲುಗಳ ದೋಷವೆಂದೂ, ಏರು ಹತ್ತುವಾಗಲೂ ಭಾರ ಎಳೆಯುವಾಗಲೂ ಬಿಡದೆ ಬರುವುದಾದರೆ ರಿಂಗುಗಳ ದೋಷವೆಂದೂ ಊಹಿಸಬಹುದು. ಕಪ್ಪು ಹೊಗೆಯಾದರೋ ಪೆಟ್ರೋಲು ಹೆಚ್ಚಿ ಗಾಳಿ ಕಡಿಮೆಯಾದುದರ ಗುರುತು. ಗಾಳಿಯ ಫಿಲ್ಟರು ಧೂಳಿನಿಂದ ಕಟ್ಟಿರುವುದು, ಅಥವಾ ಕಾರ್ಬುರೇಟರಿನ ಚೋಕು ಸಿಕ್ಕಿಕೊಂಡಿರುವುದು ಇದರ ಸಾಮಾನ್ಯ ಕಾರಣ. ಮೂರರಲ್ಲಿ ಕಡಿಮೆ ಖರ್ಚಿನಲ್ಲಿ ಗುಣವಾಗುವುದು ಹೆಚ್ಚಾಗಿ ಇದೇ.

ಎರಡನೆಯದಾಗಿ ಸದ್ದು. ಇಂಜಿನಿನ ಮೇಲ್ಭಾಗದಲ್ಲಿ ಹೊಲಿಗೆಯ ಯಂತ್ರದಂತೆ ಟಿಕ್ ಟಿಕ್ ಎಂಬ ಹಗುರವಾದ ಸದ್ದು ಬಂದರೆ ಟ್ಯಾಪೆಟ್ಟುಗಳ ಸಂದು ಹೆಚ್ಚಾಗಿದೆಯೆಂದು ತಿಳಿಯಬೇಕು. ಇದನ್ನು ಸರಿಗೊಳಿಸುವುದು ಸುಲಭ. ಏರಿನಲ್ಲಿ ಭಾರ ಬಿದ್ದಾಗ ಗುಂಡುಗಳನ್ನು ಡಬ್ಬಿಯಲ್ಲಿ ಕುಲುಕಿದಂತೆ ಸದ್ದಾದರೆ ಮಿಶ್ರಣವು ಹೊತ್ತಲ್ಲದ ಹೊತ್ತಿನಲ್ಲಿ ಉರಿಯುತ್ತಿದೆ. ಕಿಡಿಯ ಕಾಲವನ್ನು ಸರಿಪಡಿಸಬೇಕು, ಒಳಗೆ ಮಸಿ ಕಟ್ಟಿದೆಯೇ ಎಂದೂ ನೋಡಿಸಬೇಕು. ಕೆಳಭಾಗದಿಂದ ಸುತ್ತಿಗೆಯಿಂದ ಬಡಿದಂತೆ ಗಟ್ಟಿಯಾದ ಸದ್ದು ಬಂದು, ವೇಗದೊಡನೆ ಅದೂ ಹೆಚ್ಚುವುದಾದರೆ ಬೇರಿಂಗು ಹೋಗಿದೆಯೆಂದು ಭಯಪಡತಕ್ಕದ್ದೇ. ಆಗ ಇನ್ನೊಂದು ಫರ್ಲಾಂಗು ಸಹ ಓಡಿಸಬಾರದು. ಹೊರಡುವಾಗ ಕೀಚ್ ಎಂದು ಕಿರಿಚುವುದು ಹೊರಗಿನ ಬೆಲ್ಟು ಸಡಿಲವಾಗಿರುವುದರ ಲಕ್ಷಣ. ಆದರೆ ಒಳಗಿನ ಟೈಮಿಂಗ್ ಬೆಲ್ಟು ಯಾವ ಸದ್ದನ್ನೂ ಮಾಡದೆ ಹರಿದುಹೋಗಬಹುದು. ಹರಿದ ಕ್ಷಣದಲ್ಲೇ ಇಂಜಿನು ನಿಲ್ಲುವುದು. ಹಳೆಯ ವ್ಯಾನನ್ನು ಕೊಂಡವರು ಈ ಬೆಲ್ಟನ್ನು ಕಡೆಗೆ ಯಾವಾಗ ಬದಲಾಯಿಸಿದ್ದಾರೆಂದು ಕೇಳಿ, ಉತ್ತರ ದೊರೆಯದಿದ್ದರೆ ಒಡನೆಯೇ ಹೊಸದನ್ನು ಹಾಕಿಸುವುದು ವಿವೇಕ.

ಮೂರನೆಯದಾಗಿ ಬಿಸಿ. ನಮ್ಮ ಸೀಮೆಯ ಬೇಸಿಗೆಯಲ್ಲಿ ಹಳೆಯ ಇಂಜಿನುಗಳಿಗೆ ಇದೇ ದೊಡ್ಡ ಶತ್ರು. ಓಮ್ನಿಯಲ್ಲಿ ಡ್ರೈವರು ಇಂಜಿನಿನ ಮೇಲೆಯೇ ಕುಳಿತಿರುವುದರಿಂದ, ಆಸನವು ಎಂದಿಗಿಂತ ಹೆಚ್ಚಾಗಿ ಕಾದರೆ ಆತನಿಗೆ ಮೊದಲು ತಿಳಿಯುವುದು. ಮುಳ್ಳು ಕೆಂಪು ಗೆರೆಯನ್ನು ಮುಟ್ಟುವ ತನಕ ಕಾಯಬಾರದು. ಒಂದು ಉಪಯುಕ್ತವಾದ ಭೇದವನ್ನು ಇಲ್ಲಿ ಹೇಳಬೇಕು: ಜನಸಂದಣಿಯಲ್ಲಿ ಮೆಲ್ಲಗೆ ಸಾಗುವಾಗ ಮಾತ್ರ ಕಾದು, ಹೆದ್ದಾರಿಯಲ್ಲಿ ಓಡುವಾಗ ತಣ್ಣಗಾದರೆ, ರೇಡಿಯೇಟರಿನ ಫ್ಯಾನನ್ನು ಶಂಕಿಸಬೇಕು, ಯಾಕಂದರೆ ಓಡುವಾಗ ಎದುರುಗಾಳಿಯೇ ಫ್ಯಾನಿನ ಕೆಲಸವನ್ನು ಮಾಡುವುದು. ವೇಗವಾಗಿ ಓಡುವಾಗಲೇ ಕಾಯುವುದಾದರೆ ನೀರಿನ ಸಂಚಾರದಲ್ಲಿ ಅಡ್ಡಿಯುಂಟು: ರೇಡಿಯೇಟರು ಕಟ್ಟಿರಬಹುದು, ಥರ್ಮೋಸ್ಟಾಟು ತೆರೆಯದೆ ನಿಂತಿರಬಹುದು, ವಾಟರ್ ಪಂಪು ಸವೆದಿರಬಹುದು. ನಮ್ಮ ಶಾಲೆಯ ವ್ಯಾನು ಮಂಡಿಪೇಟೆಯ ಗಾಡಿಗಳ ನಡುವೆ ಸಿಕ್ಕಿದಾಗಲೆಲ್ಲಾ ಕುದಿಯುತ್ತಿದ್ದಿತು. ಒಂದು ಗ್ಯಾರೇಜಿನವರು ಇಂಜಿನನ್ನು ಪೂರ್ತಿ ಬಿಚ್ಚಿ ಬೋರು ಮಾಡಿಸಬೇಕೆಂದರು. ನಾವು ಇನ್ನೊಬ್ಬ ವೃದ್ಧ ಮೇಸ್ತ್ರಿಗಳನ್ನು ಕೇಳಲಾಗಿ, ಅವರು ಇಂಜಿನನ್ನು ಮುಟ್ಟುವುದಕ್ಕೆ ಮುಂಚೆ, “ಅಮ್ಮಾ, ಗಾಡಿ ಕಾಯುವುದು ನಿಂತಾಗಲೋ ಓಡುವಾಗಲೋ?” ಎಂದು ಕೇಳಿದರು. ಉತ್ತರವನ್ನು ಕೇಳಿದ ಬಳಿಕ ಫ್ಯಾನಿಗೆ ವಿದ್ಯುತ್ತನ್ನು ಕೊಡುವ ಸ್ವಿಚ್ಚನ್ನು ಪರೀಕ್ಷಿಸಿ ಅದನ್ನೊಂದನ್ನೇ ಬದಲಾಯಿಸಿದರು. ಆ ವ್ಯಾನು ಮತ್ತೆ ಕುದಿಯಲಿಲ್ಲ. ಒಳ್ಳೆಯ ವೈದ್ಯನಂತೆ ಒಳ್ಳೆಯ ಮೇಸ್ತ್ರಿಯೂ ಮೊದಲು ಪ್ರಶ್ನೆಯನ್ನು ಕೇಳುವನು.

ಕಾದ ಇಂಜಿನಿನ ರೇಡಿಯೇಟರಿನ ಮುಚ್ಚಳವನ್ನು ಯಾರೂ ತೆರೆಯಕೂಡದು. ಒಳಗಿನ ನೀರು ಒತ್ತಡದಲ್ಲಿರುವುದರಿಂದ ಮುಚ್ಚಳ ಸಡಿಲಿಸಿದೊಡನೆ ಕುದಿನೀರು ಮುಖಕ್ಕೆ ಚಿಮ್ಮುವುದು. ಅರ್ಧ ಗಂಟೆಗೆ ಕಡಿಮೆಯಿಲ್ಲದೆ ಆರಲು ಬಿಟ್ಟು, ಕೈಗೆ ಬಿಸಿ ತಾಕದಾದ ಮೇಲೆಯೇ ತೆರೆಯತಕ್ಕದ್ದು. ಮತ್ತು ಬೋರ್‌ವೆಲ್ಲಿನ ಗಡಸು ನೀರನ್ನು ಅದಕ್ಕೆ ತುಂಬಬಾರದು. ಸ್ನಾನದ ನೀರು ಕಾಯಿಸುವ ಹಂಡೆಯೊಳಗೆ ಬಿಳಿಯ ಸುಣ್ಣ ಕಟ್ಟುವುದನ್ನು ಎಲ್ಲ ಗೃಹಿಣಿಯರೂ ಕಂಡಿರುವರು. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಅದೇ ಸುಣ್ಣ ಕಟ್ಟುವುದು. ಕಂಪೆನಿಯು ಹೇಳಿದ ಕೂಲೆಂಟನ್ನೇ ಹಾಕಿಸುವುದು ಲೇಸು.

ನಾಲ್ಕನೆಯದು ಎಣ್ಣೆ. ಬೀಗದ ಕೈಯನ್ನು ತಿರುಗಿಸಿದಾಗ ಹೊತ್ತುವ ಎಣ್ಣೆಯ ಕೆಂಪು ದೀಪವು ಇಂಜಿನು ಹೊರಟೊಡನೆ ಆರಬೇಕು. ಓಡುತ್ತಿರುವಾಗ ಅದು ಹೊತ್ತಿಕೊಂಡರೆ ಆ ಕ್ಷಣದಲ್ಲೇ ರಸ್ತೆಯ ಬದಿಗೆ ತಂದು ಇಂಜಿನನ್ನು ನಿಲ್ಲಿಸಬೇಕು. ‘ಇನ್ನೇನು ಶಾಲೆ ಬಂದಿತು’ ಎಂದು ಓಡಿಸಿದರೆ, ಒಂದೆರಡು ಲೀಟರು ಎಣ್ಣೆಯಲ್ಲಿ ಮುಗಿಯಬಹುದಾಗಿದ್ದ ಖರ್ಚು ಇಡೀ ಇಂಜಿನಿನ ಖರ್ಚಾಗುವುದು. ವಾರಕ್ಕೊಮ್ಮೆ ಸಮನೆಲದ ಮೇಲೆ ವ್ಯಾನನ್ನು ನಿಲ್ಲಿಸಿ, ಇಂಜಿನು ನಿಂತು ಕೆಲವು ನಿಮಿಷಗಳಾದ ಮೇಲೆ, ಎಣ್ಣೆಯ ಕಡ್ಡಿಯನ್ನು ಎಳೆದು ಒರಸಿ ಮತ್ತೆ ಅದ್ದಿ ನೋಡಬೇಕು. ಎಣ್ಣೆಯು ಎರಡು ಗುರುತುಗಳ ನಡುವೆ ಇರಬೇಕು. ಎಣ್ಣೆಯು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ. ಅಂಥ ವ್ಯಾನನ್ನು ಓಡಿಸದೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗಬೇಕು.

ಬೆಳಗ್ಗೆ ಇಂಜಿನು ಹೊರಡದಿರುವುದು ಮತ್ತೊಂದು ಸಾಮಾನ್ಯ ಕಷ್ಟ. ಸ್ಟಾರ್ಟರು ತಿರುಗದೆ ಬರೀ ಟಕ್ ಎಂದು ಸದ್ದಾಗಿ ದೀಪಗಳು ಮಂಕಾದರೆ ಬ್ಯಾಟರಿಯನ್ನೂ ಅದರ ತುದಿಗಳಲ್ಲಿ ಕಟ್ಟಿದ ಬಿಳಿಯ ಹುಡಿಯನ್ನೂ ನೋಡಬೇಕು. ಇಂಜಿನು ಓಡುವಾಗ ಬ್ಯಾಟರಿಯ ತುದಿಗಳಲ್ಲಿ ಸುಮಾರು 14 ವೋಲ್ಟು ಇರಬೇಕು. 12ರ ಆಸುಪಾಸಿನಲ್ಲೇ ನಿಂತಿದ್ದರೆ ಆಲ್ಟರ್ನೇಟರು ವಿದ್ಯುತ್ತನ್ನು ತುಂಬುತ್ತಿಲ್ಲ, ಹೊಸ ಬ್ಯಾಟರಿ ಕೊಂಡರೂ ಅದು ಬರಿದಾಗುವುದು. ಸ್ಟಾರ್ಟರು ಚೆನ್ನಾಗಿ ತಿರುಗಿದರೂ ಇಂಜಿನು ಹಿಡಿಯದಿದ್ದರೆ ಕಿಡಿಯಾಗಲಿ ಪೆಟ್ರೋಲಾಗಲಿ ತಲುಪುತ್ತಿಲ್ಲ. ಹೊರಟ ಮೇಲೆ ಕುಂಟುತ್ತಾ ನಡುಗುವುದಾದರೆ ಮೂರು ಸಿಲಿಂಡರುಗಳಲ್ಲಿ ಒಂದು ದುಡಿಯುತ್ತಿಲ್ಲವೆಂದು ಹೇಳಬಹುದು. ಪ್ಲಗ್ಗುಗಳನ್ನು ಬಿಚ್ಚಿ ನೋಡಿದರೆ ಸೋಮಾರಿ ಯಾವುದೆಂಬುದು ಮಸಿಯಿಂದಲೋ ತೇವದಿಂದಲೋ ಗೊತ್ತಾಗುವುದು.

ಪೆಟ್ರೋಲಿನ ವಿಷಯದಲ್ಲಿ ಈಚಿನ ಒಂದು ಮಾರ್ಪಾಡನ್ನು ತಿಳಿಸುವುದು ಅಗತ್ಯ. 2025ರ ಹೊತ್ತಿಗೆ ನಮ್ಮ ದೇಶದ ಬಂಕುಗಳಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲು ಸಾಮಾನ್ಯವಾಯಿತು. ಇದು ಬರುವುದಕ್ಕೆ ಬಹು ಮುಂಚೆ ತಯಾರಾದ ವ್ಯಾನುಗಳ ರಬ್ಬರಿನ ಕೊಳವೆಗಳೂ ಗ್ಯಾಸ್ಕೆಟ್ಟುಗಳೂ ಈ ಮಿಶ್ರಣವನ್ನು ನೆನೆಸಿಕೊಂಡು ಮಾಡಿದವುಗಳಲ್ಲ. ಕೆಲವು ಹಳೆಯ ವಾಹನಗಳಲ್ಲಿ ಇಂಥ ಭಾಗಗಳನ್ನು ಬದಲಾಯಿಸಬೇಕಾಗಬಹುದೆಂದು ಕೇಂದ್ರದ ಪೆಟ್ರೋಲಿಯಂ ಇಲಾಖೆಯೇ 2025ರಲ್ಲಿ ಹೇಳಿತು. ಆಸನದ ಕೆಳಗೆ ಇಂಜಿನುಳ್ಳ ವ್ಯಾನಿನಲ್ಲಿ ಪೆಟ್ರೋಲಿನ ಕೊಳವೆ ಬಿರಿಯುವುದೆಂದರೆ ಸಣ್ಣ ಮಾತಲ್ಲ. ವ್ಯಾನಿನೊಳಗೆ ಪೆಟ್ರೋಲಿನ ವಾಸನೆ ಬಂದರೆ ಕೊಳವೆಗಳನ್ನು ನೋಡಿಸಿದ ಹೊರತು ಮಕ್ಕಳನ್ನು ಹತ್ತಿಸಬಾರದು. ಇದಕ್ಕಿಂತಲೂ ಭಯಂಕರವಾದದ್ದು ಅಡಿಗೆಯ ಗ್ಯಾಸಿನ ಸಿಲಿಂಡರನ್ನು ವ್ಯಾನಿಗೆ ಜೋಡಿಸುವ ದುರಭ್ಯಾಸ. ಇದು ಕಾನೂನಿಗೆ ವಿರುದ್ಧ. ಇದರಿಂದ ವ್ಯಾನುಗಳು ಹೊತ್ತಿ ಉರಿದ ಸಂಗತಿಗಳು ದೇಶದಲ್ಲಿ ನಡೆದಿವೆ. ಗ್ಯಾಸಿನಿಂದ ಓಡಿಸುವುದಾದರೆ ಅನುಮತಿಯುಳ್ಳ ಕಿಟ್ಟನ್ನು ಹಾಕಿಸಿ ನೋಂದಣಿ ಪತ್ರದಲ್ಲಿ ಬರೆಯಿಸಬೇಕು. ಪೋಷಕರು ಹಿಂದಿನ ಬಾಗಿಲನ್ನು ತೆರೆಯಿಸಿ ಒಮ್ಮೆ ಕಣ್ಣಾರೆ ನೋಡುವುದರಲ್ಲಿ ಸಂಕೋಚಪಡಬಾರದು.

ದಾವಣಗೆರೆಗೂ ಹರಿಹರಕ್ಕೂ ನಡುವೆ ಹೆದ್ದಾರಿಯಲ್ಲಿ ವ್ಯಾನು ನಿಂತುಹೋದರೆ ಏನು ಮಾಡಬೇಕು? ವಾಹನವನ್ನು ಸಾಧ್ಯವಾದಷ್ಟು ಎಡಬದಿಗೆ ತರಬೇಕು. ಎಚ್ಚರಿಕೆಯ ದೀಪಗಳನ್ನು ಹಾಕಬೇಕು. ಮಕ್ಕಳನ್ನು ಎಡಗಡೆಯ ಬಾಗಿಲಿನಿಂದಲೇ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಬೇಕು. ಹಿಂದಿನಿಂದ ಬರುವ ಲಾರಿಯು ನಿಂತ ವ್ಯಾನಿಗೆ ಬಡಿಯುವ ಅಪಾಯವು ಇಂಜಿನಿನ ದೋಷಕ್ಕಿಂತ ದೊಡ್ಡದು. ಆದುದರಿಂದ ಮಕ್ಕಳು ವ್ಯಾನಿನೊಳಗೆ ಕುಳಿತು ಕಾಯತಕ್ಕದ್ದಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033 ಎಂಬ ಸಂಖ್ಯೆಗೂ, ತುರ್ತು ಸಂದರ್ಭದಲ್ಲಿ 112ಕ್ಕೂ ದೂರವಾಣಿ ಮಾಡಬಹುದು. ಹತ್ತನೆಯ ತರಗತಿಯ ಪರೀಕ್ಷೆಗೆ ಹೋಗುವ ಬಾಲಿಕೆಯರು ವ್ಯಾನಿನಲ್ಲಿದ್ದರೆ, ದುರಸ್ತಿಗೆ ಕೈಹಾಕುವ ಮುಂಚೆ ಅವರನ್ನು ಬೇರೊಂದು ವಾಹನದಲ್ಲಿ ಕಳುಹಿಸುವುದೇ ಮೊದಲ ಕರ್ತವ್ಯ.

ಇನ್ನು ದುರಸ್ತಿಯ ವಿಚಾರ. ನಮ್ಮ ಸೀಮೆಗೆ ಯಂತ್ರವಿದ್ಯೆ ಹೊಸದಲ್ಲ. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇಥುಗಳನ್ನು ತಯಾರಿಸಿ ದೇಶದಲ್ಲೆಲ್ಲಾ ಹೆಸರು ಪಡೆದಿತ್ತು. ಆ ಕಾರ್ಖಾನೆ ಈಗ ಇಲ್ಲ. ಆದರೂ ಅಲ್ಲಿ ದುಡಿದ ಮನೆತನಗಳ ಕೈಯಲ್ಲಿ ವಿದ್ಯೆಯ ಗೌರವ ಉಳಿದಿದೆ. ದಾವಣಗೆರೆಯಲ್ಲಿ 1951ರಿಂದ ಇಂಜಿನಿಯರಿಂಗ್ ಕಾಲೇಜು ನಡೆಯುತ್ತಿದೆ. ಸಿಲಿಂಡರನ್ನು ಕೊರೆಯಿಸುವುದು, ಸೊಟ್ಟಾದ ಹೆಡ್ಡನ್ನು ಮಟ್ಟಸ ಮಾಡಿಸುವುದು ಮುಂತಾದ ಲೇಥಿನ ಕೆಲಸಗಳಿಗೆ ದೂರ ಹೋಗಬೇಕಾಗಿಲ್ಲ. ಆದರೂ ಗ್ಯಾರೇಜಿಗೆ ಹೋಗುವವರು ಕೆಲವು ನಿಯಮಗಳನ್ನು ಪಾಲಿಸುವುದು ಒಳ್ಳೆಯದು.

ಮೊದಲನೆಯದು, ಮೇಸ್ತ್ರಿಗೆ ಲಕ್ಷಣವನ್ನು ಹೇಳಬೇಕೇ ಹೊರತು ರೋಗದ ಹೆಸರನ್ನು ಹೇಳಬಾರದು. ‘ಗ್ಯಾಸ್ಕೆಟ್ ಹಾಕಿಕೊಡು’ ಎಂದರೆ ಅವನು ಗ್ಯಾಸ್ಕೆಟ್ಟನ್ನೇ ಹಾಕಿಕೊಡುವನು. ‘ಬೆಳಗ್ಗೆ ಬಿಳಿ ಹೊಗೆ, ವಾರಕ್ಕೆ ಇಷ್ಟು ನೀರು ಕಡಿಮೆ’ ಎಂದರೆ ವಿಚಾರ ಮಾಡುವನು. ಎರಡನೆಯದು, ಇಂಜಿನನ್ನು ಬಿಚ್ಚುವ ಮುಂಚೆ ಮೂರು ಸಿಲಿಂಡರುಗಳ ಒತ್ತಡವನ್ನು ಅಳೆಯಿಸಿ ಅಂಕೆಗಳನ್ನು ಬರೆದುಕೊಳ್ಳಬೇಕು. ಮೂರೂ ಹೆಚ್ಚುಕಡಿಮೆ ಸಮವಾಗಿ ತಕ್ಕಷ್ಟಿದ್ದರೆ ಬಿಚ್ಚುವ ಅವಸರವಿಲ್ಲ. ಒಂದು ಬಹಳ ತಗ್ಗಿದ್ದರೆ ಅದರೊಳಗೆ ಸ್ವಲ್ಪ ಎಣ್ಣೆ ಬಿಟ್ಟು ಮತ್ತೆ ಅಳೆದಾಗ, ಅಂಕೆ ಏರಿದರೆ ರಿಂಗಿನ ದೋಷ, ಏರದಿದ್ದರೆ ವಾಲ್ವಿನದೋ ಗ್ಯಾಸ್ಕೆಟ್ಟಿನದೋ ದೋಷ. ಮೂರನೆಯದು, ಮಜೂರಿಯೆಷ್ಟು, ಬಿಡಿಭಾಗಗಳಿಗೆಷ್ಟು ಎಂದು ಬೇರೆ ಬೇರೆಯಾಗಿ ಅಂದಾಜನ್ನು ಬರೆಯಿಸಿಕೊಂಡು, ಹೇಳದೆ ಹೆಚ್ಚಿನ ಕೆಲಸಕ್ಕೆ ಕೈಹಾಕಬಾರದೆಂದು ತಿಳಿಸಬೇಕು. ನಾಲ್ಕನೆಯದು, ತೆಗೆದ ಹಳೆಯ ಭಾಗಗಳನ್ನು ಮರಳಿ ಕೇಳಬೇಕು. ಹೊಸ ಭಾಗಗಳ ಪೆಟ್ಟಿಗೆಯನ್ನೂ ರಸೀತಿಯನ್ನೂ ಇಟ್ಟುಕೊಳ್ಳಬೇಕು. ಕಂಪೆನಿಯ ಹೆಸರಿನ ನಕಲು ಮಾಲು ಪೇಟೆಯಲ್ಲಿ ಉಂಟು. ಐದನೆಯದು, ಇಂಜಿನನ್ನೇ ಬದಲಾಯಿಸುವುದಾದರೆ ಅದರ ಮೂಲದ ಕಾಗದಪತ್ರಗಳನ್ನು ಪಡೆದು, ಹೊಸ ಸಂಖ್ಯೆಯನ್ನು ಸಾರಿಗೆ ಕಚೇರಿಯಲ್ಲಿ ನೋಂದಣಿ ಪತ್ರಕ್ಕೆ ಸೇರಿಸಬೇಕು. ಹಾಗೆ ಮಾಡದಿದ್ದರೆ ವಿಮೆಯ ಸಮಯದಲ್ಲಿ ತೊಂದರೆಯಾಗುವುದು.

ಎಷ್ಟು ದಿನ ದುರಸ್ತಿ ಮಾಡಿಸುತ್ತಿರಬೇಕು? ಇದು ಕಠಿಣವಾದ ಪ್ರಶ್ನೆ. ನಮ್ಮ ರಾಜ್ಯದಲ್ಲಿ ಖಾಸಗಿ ವಾಹನದ ನೋಂದಣಿಯು 15 ವರ್ಷಗಳಿಗೆ ಮುಗಿದ ಮೇಲೆ, ತಪಾಸಣೆಯಲ್ಲಿ ತೇರ್ಗಡೆಯಾದರೆ 5 ವರ್ಷಗಳಿಗೊಮ್ಮೆ ನವೀಕರಿಸಬಹುದು; ಇದರ ಶುಲ್ಕವು 2022ರ ಏಪ್ರಿಲ್ 1ರಿಂದ ಬಹಳ ಹೆಚ್ಚಿತು. ಬಾಡಿಗೆಗೆ ಓಡುವ ಹಳದಿ ಫಲಕದ ವಾಹನಕ್ಕೆ 8 ವರ್ಷಗಳಾದ ಬಳಿಕ ಪ್ರತಿ ವರ್ಷವೂ ಯೋಗ್ಯತಾ ಪತ್ರ ಬೇಕು. ಬಿಳಿ ಫಲಕದ ಸ್ವಂತ ವ್ಯಾನಿನಲ್ಲಿ ಬಾಡಿಗೆಗೆ ಮಕ್ಕಳನ್ನು ಸಾಗಿಸುವಂತಿಲ್ಲ. ಇಂಜಿನು ಕೆಟ್ಟರೆ ಸರಿಪಡಿಸಬಹುದು. ಆದರೆ ನೆಲಹಾಸಿನ ತಗಡೂ ಚೌಕಟ್ಟೂ ತುಕ್ಕು ತಿಂದಿದ್ದರೆ ಇಂಜಿನಿಗೆ ಹಣ ಸುರಿಯುವುದು ಬಿರುಕುಬಿಟ್ಟ ಕೊಡಕ್ಕೆ ನೀರು ತುಂಬಿದಂತೆ. ಅಂಥ ವ್ಯಾನನ್ನು ಸರಕಾರವು ನೋಂದಾಯಿಸಿದ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಪ್ರಮಾಣಪತ್ರ ಪಡೆಯುವುದು ಲೇಸು.

ಪೋಷಕರಿಗೆ ಒಂದು ಮಾತನ್ನು ನಾವು ವಿಶೇಷವಾಗಿ ಹೇಳಬೇಕಾಗಿದೆ. ಎಷ್ಟೋ ಡ್ರೈವರುಗಳಿಗೆ ಇಂಜಿನಿನ ದೋಷ ತಿಳಿದೇ ಇರುವುದು. ಒಂದು ದಿನ ಗ್ಯಾರೇಜಿನಲ್ಲಿ ನಿಂತರೆ ತಿಂಗಳ ಬಾಡಿಗೆಯಲ್ಲಿ ಕಡಿತವಾಗುವುದೆಂದೂ, ಎರಡು ದಿನ ನಿಂತರೆ ಮಕ್ಕಳು ಬೇರೆ ವ್ಯಾನಿಗೆ ಹೋಗುವರೆಂದೂ ಹೆದರಿ ಅವರು ದುರಸ್ತಿಯನ್ನು ಮುಂದೂಡುವರು. ಬಾಡಿಗೆಯನ್ನು ಆದಷ್ಟು ಇಳಿಸಿ ಕೊಡುವ ನಾವೇ, ಎಂಟು ಮಂದಿಯ ಜಾಗದಲ್ಲಿ ಹದಿನೈದು ಮಂದಿಯನ್ನು ತುಂಬಲು ಅವರನ್ನು ಒತ್ತಾಯಿಸಿದಂತಾಗುವುದು. ಮಿತಿಮೀರಿದ ಆ ಭಾರವೇ ಇಂಜಿನನ್ನು ಕಾಯಿಸುವುದು, ರಿಂಗುಗಳನ್ನು ಸವೆಯಿಸುವುದು. ದುರಸ್ತಿಗೆ ನಿಂತ ದಿನದ ಬಾಡಿಗೆಯನ್ನು ಕಡಿತ ಮಾಡದೆ, ಆ ದಿನ ಮಕ್ಕಳನ್ನು ತಾವೇ ಸರದಿಯಂತೆ ಕರೆತರುವೆವೆಂದು ನಾಲ್ಕು ಮನೆಯವರು ಒಪ್ಪಿಕೊಂಡರೆ, ಡ್ರೈವರು ದೋಷವನ್ನು ಬಚ್ಚಿಡಲಾರನು.

ಯಂತ್ರದ ವಿಷಯ ಹೆಂಗಸರಿಗೇಕೆ ಎಂದು ಕೆಲವರು ಕೇಳಬಹುದು. 1888ರ ಆಗಸ್ಟ್ ತಿಂಗಳಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಮಹಿಳೆಯು, ತನ್ನ ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು, ಮನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಪ್ರಯಾಣ ಮಾಡಿದಳು. ಮೋಟಾರಿನಲ್ಲಿ ಅಷ್ಟು ದೂರ ಹೋದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಳ್ಳಲು ತನ್ನ ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದಳು. ಇಂಧನ ಮುಗಿಯಲು ಔಷಧದ ಅಂಗಡಿಯಿಂದ ಕೊಂಡಳು. ಬ್ರೇಕು ಸವೆಯಲು ಮೋಚಿಯಿಂದ ತೊಗಲನ್ನು ಹೊಡೆಯಿಸಿದಳು. ದೋಷವೆಲ್ಲಿದೆಯೆಂದು ವಿಚಾರಿಸಿ ತಿಳಿದುಕೊಂಡು, ತನ್ನಿಂದಾಗದ್ದನ್ನು ಬಲ್ಲವರಿಂದ ಮಾಡಿಸಿಕೊಂಡಳು. ದುರಸ್ತಿಯ ವಿದ್ಯೆಯೆಲ್ಲಾ ಇದರಲ್ಲೇ ಅಡಗಿದೆ.

ಆದುದರಿಂದ ವ್ಯಾನುಳ್ಳ ಪ್ರತಿಯೊಂದು ಮನೆಯಲ್ಲಿಯೂ ಒಂದು ಸಣ್ಣ ಪುಸ್ತಕವನ್ನು ಇಡಿರೆಂದು ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಕೇಳಿಕೊಳ್ಳುತ್ತೇವೆ. ಎಣ್ಣೆ ಬದಲಾಯಿಸಿದ ತಾರೀಖು, ಆಗಿನ ಕಿಲೋಮೀಟರು, ವಾರವಾರದ ನೀರಿನ ಮಟ್ಟ, ಕಂಡ ಹೊಗೆ, ಕೇಳಿದ ಸದ್ದು, ಕೊಟ್ಟ ಹಣ ಇವುಗಳನ್ನು ಅದರಲ್ಲಿ ಬರೆಯಿರಿ. ಶಾಲೆಯಲ್ಲಿ ಕಲಿತ ಶುದ್ಧ ಬರಹಕ್ಕೂ ಲೆಕ್ಕಕ್ಕೂ ಇದು ತಕ್ಕ ಉಪಯೋಗ. ಗ್ಯಾರೇಜಿಗೆ ಹೋಗುವಾಗ ಆ ಪುಸ್ತಕವನ್ನು ಜೊತೆಯಲ್ಲಿ ಕೊಂಡುಹೋಗಿರಿ. ಮೇಸ್ತ್ರಿಯ ಮೊದಲ ಪ್ರಶ್ನೆಗಳಿಗೆ ಉತ್ತರಗಳು ಅದರಲ್ಲಿ ಸಿಕ್ಕುವುವು.